ಎಡಗಾಲಿನ ಮುಂಪಾದ

ಐದಡಿ ಹತ್ತಂಗುಲ ಎತ್ತರ, ವಯಸ್ಸು ಮೂವತ್ತೆರಡು, ಹೆಗಲ ಮೇಲೆ ಸಣ್ಣ ಮಂಚದಷ್ಟು ಉದ್ದದ ಚೀಲ. ಇಂಥವಳನ್ನು ಮನೆಯವರು ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಪುಟ್ಟಿಯ ಉದ್ಯೋಗ ಟೆನಿಸ್ ಆಡುವುದು. ‘ಟೀವಿಯಲ್ಲಿ ಯಾವಾಗ ಬರ್ತೀಯೇ?’ ಎಂದು ಕೇಳುವ ನೆಂಟರಿಗೆ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಟೀವಿಯಲ್ಲಿ ಬರುವವರು ಮೇಲಿನ ನೂರು ಮಂದಿ. ಪುಟ್ಟಿ ವರ್ಷಗಟ್ಟಲೆ ಇನ್ನೂರರ ಆಚೀಚೆ ಏಣಿಯ ನಡುಮೆಟ್ಟಿಲಲ್ಲೇ ನಿಂತುಬಿಟ್ಟಿದ್ದಳು. ಅವಳ ಪಂದ್ಯಗಳು ನಡೆಯುತ್ತಿದ್ದುದು ಹಿಂದಿನ ಸಾಲಿನ ಕೋರ್ಟುಗಳಲ್ಲಿ. ನೋಡಲು ಬರುತ್ತಿದ್ದವರೆಂದರೆ ಎದುರಾಳಿಯ ತಾಯಿ ಮತ್ತು ನೆರಳು ಹುಡುಕಿಕೊಂಡು ಬಂದ ಕಾವಲುಗಾರ.

ರಾತ್ರಿ ಬಸ್ಸು, ಕೈತೊಳೆಯುವ ಬೇಸಿನ್ನಿನಲ್ಲೇ ಒಗೆದು ಕಿಟಕಿಗೆ ಹರವಿದ ಬಟ್ಟೆ, ಮಂಜುಗಡ್ಡೆ ಕಟ್ಟಿಕೊಂಡ ಮೊಣಕಾಲು, ಇವಿಷ್ಟು ಅವಳ ಸಂಸಾರ. ಯಾವುದಕ್ಕೂ ಅವಳು ಗೊಣಗಿದವಳಲ್ಲ. ಒಂದೇ ಒಂದು ಸಂಗತಿ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಗೆಲುವು ಇನ್ನೇನು ಕೈಗೆ ಬಂತು ಎನ್ನುವಾಗಲೇ ಅವಳ ಸರ್ವ್ ಎದುರಾಳಿಯ ರ‍್ಯಾಕೆಟ್ಟಿಗೆ ಹೇಳಿ ಕಳಿಸಿದ ಹಾಗೆ ಹೋಗಿ ಸಿಗುತ್ತಿತ್ತು. ‘ಹೊಡೆತ ಗಟ್ಟಿ, ಎದೆ ಪುಕ್ಕಲು’ ಎಂದು ಜೊತೆಯ ಆಟಗಾರ್ತಿಯರು ಆಡಿಕೊಂಡರು. ಪುಟ್ಟಿಯೂ ಅದನ್ನೇ ನಂಬಿದಳು. ಎದೆ ಗಟ್ಟಿ ಮಾಡಿಕೊಳ್ಳಲು ಮನಶ್ಶಾಸ್ತ್ರದ ಡಾಕ್ಟರ ಮುಂದೆ ಕೂತು ಕಣ್ಣು ಮುಚ್ಚಿ ಉಸಿರೆಳೆಯುವುದನ್ನೂ ಕಲಿತಳು. ಪಾಪ, ಶ್ವಾಸಕೋಶ ಸುಧಾರಿಸಿತೇ ಹೊರತು ಸರ್ವ್ ಸುಧಾರಿಸಲಿಲ್ಲ.

ಆಟ ಕಲಿಸಿದವರು ಅಪ್ಪ. ಕಾರ್ಖಾನೆಯ ಕ್ಲಬ್ಬಿನಲ್ಲಿ ಅವರು ಕೋಚ್. ಬಿರುಕು ಬಿಟ್ಟ ಸಿಮೆಂಟ್ ಕೋರ್ಟಿನ ಆಚೆ ಬದಿ ಅಕ್ಕ, ಈಚೆ ಬದಿ ಪುಟ್ಟಿ, ನಡುವೆ ಎತ್ತರದ ಸ್ಟೂಲಿನ ಮೇಲೆ ಅಪ್ಪ. ಅಕ್ಕ ನಾಲ್ಕು ವರ್ಷ ದೊಡ್ಡವಳಾದರೂ ಬೇಗನೆ ತಂಗಿಯ ಆಟವೇ ಮೇಲಾಯಿತು. ಸೋತ ದಿನ ಅಕ್ಕ ಊಟ ಬಿಡುತ್ತಿದ್ದಳು. ಆದರೂ ನಾಲ್ಕರಲ್ಲಿ ಒಂದನ್ನು ಹೇಗೋ ಗೆಲ್ಲುತ್ತಿದ್ದಳು. ಮುಂದೆ ಭುಜ ಕೈಕೊಟ್ಟು ಅಕ್ಕ ಆಟ ಬಿಟ್ಟಳು, ತಾನೂ ಕೋಚ್ ಆದಳು. ಎರಡು ವರ್ಷ ಪುಟ್ಟಿಗೇ ಕೋಚಾಗಿ ಅವಳ ಜೊತೆ ಊರೂರು ಸುತ್ತಿದಳು. ಆಮೇಲೆ ಹದಿನೇಳರ ಹೊಸ ಹುಡುಗಿಯೊಬ್ಬಳ ಮನೆಯವರು ಕರೆದಾಗ, ‘ಹೋಗ್ಲೇನೇ? ಬೇಜಾರಿಲ್ಲ ತಾನೆ?’ ಎಂದು ಕೇಳಿಯೇ ಹೋದಳು. ಪುಟ್ಟಿ ನಗುತ್ತಲೇ ಕಳಿಸಿಕೊಟ್ಟಳು.

ಆ ಹೊಸ ಹುಡುಗಿಯೇ ಈಗ ಬಲೆಯ ಆಚೆ ನಿಂತಿದ್ದಳು. ದೊಡ್ಡ ಟೂರ್ನಿಯ ಅರ್ಹತಾ ಪಂದ್ಯಗಳಲ್ಲಿ ಇದು ಕೊನೆಯದು. ಗೆದ್ದರೆ ಪುಟ್ಟಿ ಜೀವಮಾನದಲ್ಲಿ ಮೊದಲ ಸಲ ಮುಖ್ಯ ಸುತ್ತಿಗೆ ಹೋಗುತ್ತಿದ್ದಳು. ಮೊಣಕಾಲು ಮುಂದಿನ ವರ್ಷದ ತನಕ ತಡೆಯುವುದಿಲ್ಲವೆಂದು ಮೂಳೆ ಡಾಕ್ಟರು ಹೇಳಿಯಾಗಿತ್ತು. ಅಂದರೆ ಇದು ಮೊದಲನೆಯ ಅವಕಾಶವೂ ಹೌದು, ಕೊನೆಯದೂ ಹೌದು.

ಮೊದಲ ಸೆಟ್ ಪುಟ್ಟಿ ಗೆದ್ದಳು. ಎರಡನೆಯದರ ನಡುವೆ ಅಕ್ಕ ಗ್ಯಾಲರಿಯಿಂದ ಕೆಳಗಿಳಿದು ಬಂದು ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ಅಲ್ಲಿಂದ ಆಟವೇ ತಿರುಗಿತು. ಪುಟ್ಟಿ ಚೆಂಡನ್ನು ಮೇಲಕ್ಕೆ ಎಸೆಯುವ ಮೊದಲೇ ಹುಡುಗಿ ಸರಿದು ನಿಲ್ಲುತ್ತಿದ್ದಳು, ಅದೂ ಸರಿಯಾದ ಕಡೆಗೇ. ಒಂದು ಸಲವಾದರೆ ಅದೃಷ್ಟ ಎನ್ನಬಹುದು. ಪುಟ್ಟಿ ಕೊನೆಗೆ ಅವಳ ಕಣ್ಣನ್ನೇ ದಿಟ್ಟಿಸಿದಳು. ಹುಡುಗಿ ಚೆಂಡನ್ನು ನೋಡುತ್ತಿರಲಿಲ್ಲ, ಪುಟ್ಟಿಯ ಕಾಲನ್ನು ನೋಡುತ್ತಿದ್ದಳು.

ಸೋತು ಬಂದವಳು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಬೂಟೂ ಬಿಚ್ಚದೆ ಕೂತಿದ್ದಾಗ ಅಕ್ಕ ಬಾಗಿಲಲ್ಲಿ ನಿಂತಳು.

“ನನ್ನ ಕಾಲಲ್ಲಿ ಏನಿದೆಯೇ?” ಎಂದಳು ಪುಟ್ಟಿ.

ಅಕ್ಕ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. “ಮಧ್ಯಕ್ಕೆ ಸರ್ವ್ ಮಾಡೋವಾಗ ಎಡಗಾಲಿನ ಮುಂಪಾದ ಎತ್ತುತ್ತೀಯ. ಪಕ್ಕದ ಗೆರೆ ಕಡೆಗೆ ಮಾಡೋವಾಗ ಎತ್ತಲ್ಲ.”

“ಯಾವಾಗಿಂದ?”

“ಮೊದಲಿಂದ್ಲೂ. ಚಿಕ್ಕವಳಿದ್ದಾಗಿಂದ. ಆಟ ಉದ್ದ ಆದಷ್ಟೂ ಎದುರಿಗಿರೋರು ಕಂಡುಹಿಡೀತಾರೆ.”

ಪುಟ್ಟಿಗೆ ಮೈಯೆಲ್ಲ ಉರಿಯಿತು. ಹುಡುಗಿಯ ಕಿವಿಯಲ್ಲಿ ಊದಿದ್ದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು, ಅದು ಅಕ್ಕನ ಕೆಲಸ. “ಎರಡು ವರ್ಷ ನನ್ನ ಕೋಚಾಗಿದ್ಯಲ್ಲೇ! ಒಂದೇ ರೂಮಲ್ಲಿ ಮಲಗಿದ್ವಿ. ಗೆಲ್ಲೋ ಆಟ ಸೋತು ಬಂದು ನಾನು ಪುಕ್ಕಲಿ, ನಾನು ಪುಕ್ಕಲಿ ಅಂತ ಅಳ್ತಿದ್ದಾಗ ನನ್ನ ತಲೆ ಸವರ್ತಿದ್ದೆ. ಆವಾಗ ಒಂದು ಮಾತು ಹೇಳೋಕೆ ನಿಂಗೇನಾಗಿತ್ತು?”

“ಬಾಯಿ ತನಕ ಬರ್ತಿತ್ತು ಕಣೇ. ಹೇಳಿದ್ರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ನೀನು ಕೇಳ್ತಿದ್ದೆ. ಆಗ ಅಪ್ಪನ ಹೆಸರು ಬರ್ತಿತ್ತು.”

“ಅಪ್ಪನ ಹೆಸರು ಯಾಕೆ?”

ಅಕ್ಕ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಳು. ಪುಟ್ಟಿಯೇ ಫೋನ್ ಮಾಡಿದಳು. ಅಪ್ಪ ಮೊದಲ ರಿಂಗಿಗೇ ಎತ್ತಿದರು. ಸ್ಕೋರ್ ಆಗಲೇ ತಿಳಿದಿರಬೇಕು, ದನಿ ಇಳಿದಿತ್ತು.

“ಅಪ್ಪಾ, ನನ್ನ ಎಡಗಾಲಿನ ವಿಷಯ ನಿಮಗೆ ಗೊತ್ತಿತ್ತಾ?”

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

“ಅಕ್ಕಂಗೆ ತೋರಿಸ್ಕೊಟ್ಟಿದ್ದೇ ನಾನಮ್ಮಾ,” ಎಂದರು ಅಪ್ಪ. “ಅವಳು ದಿನಾ ಸೋತು ಊಟ ಬಿಡ್ತಿದ್ಲು. ಆಟಾನೇ ಬೇಡ ಅಂತ ಕೂತಿದ್ಲು. ಒಂದೆರಡು ಗೆಲ್ಲಲಿ, ಹುರುಪು ಬರ್ಲಿ ಅಂತ ಹೇಳಿದೆ. ನಿನಗೆ ಆಮೇಲೆ ಹೇಳಿದ್ರಾಯ್ತು, ತಿದ್ದಿದ್ರಾಯ್ತು ಅನ್ಕೊಂಡೆ.”

“ಆಮೇಲೆ ಅನ್ನೋದು ಯಾವಾಗಪ್ಪಾ?”

“ಹೇಳೋಕೆ ಹೋದಾಗಲೆಲ್ಲ ನೀನು ಎಲ್ಲೋ ಗೆದ್ದು ಬಂದಿರ್ತಿದ್ದೆ. ತಿದ್ದದೇನೇ ಗೆಲ್ತಾಳಲ್ಲ ಅಂತ ಸುಮ್ಮನಾದೆ. ಬೆಳೀತಾ ಹೋಗ್ಬಿಡುತ್ತೆ ಅನ್ಕೊಂಡೆ. ನೀನು ಗಟ್ಟಿಗಿತ್ತಿ ಕಣಮ್ಮಾ. ಸೋತ್ರೂ ತಡ್ಕೋತೀಯ ಅನ್ನೋ ಧೈರ್ಯ ನಂಗೆ.”

ಪುಕ್ಕಲಿ ಎಂದು ತನ್ನನ್ನೇ ಹಳಿದುಕೊಂಡ ಅಷ್ಟೂ ವರ್ಷಗಳು ಪುಟ್ಟಿಯ ಕಣ್ಣ ಮುಂದೆ ಬಂದು ನಿಂತವು. ಅವಳಿಗೆ ಮೋಸ ಮಾಡಿದವರು ಊರೂರಿನ ಎದುರಾಳಿಗಳಲ್ಲ, ಒಂದೇ ತಟ್ಟೆಯಲ್ಲಿ ತುತ್ತು ಕೊಟ್ಟವರೇ ಆಗಿದ್ದರು. ಅವಳು ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಮಾತಾಡಿದರು.

“ಅಕ್ಕ ಅಲ್ಲೇ ಇದ್ದಾಳಾ? ಅಳ್ತಿದ್ದಾಳಾ? ಅವಳನ್ನ ಏನೂ ಅನ್ಬೇಡ ಕಣಮ್ಮಾ. ಅವಳಿಗೆ ತಡ್ಕೊಳ್ಳೋಕಾಗಲ್ಲ.”

ಪುಟ್ಟಿ ತಲೆಯೆತ್ತಿ ನೋಡಿದಳು. ಅಕ್ಕ ನಿಜವಾಗಿಯೂ ಬಿಕ್ಕುತ್ತಿದ್ದಳು. ಪುಟ್ಟಿಯ ಕಣ್ಣಲ್ಲಿ ಹನಿ ನೀರಿರಲಿಲ್ಲ. ಎದ್ದುಹೋಗಿ ಫೋನನ್ನು ಅಕ್ಕನ ಕೈಯಲ್ಲಿಟ್ಟಳು.

“ತಗೋ. ಅಪ್ಪ ಕೇಳ್ತಿರೋದು ನಿನ್ನನ್ನೇ.”

ಫೋನನ್ನು ವಾಪಸು ಇಸಿದುಕೊಳ್ಳಲೂ ನಿಲ್ಲದೆ, ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.