ನಿಮಗೆಂದು ಬಂದ ಫೋನು

ಸುಮಿತ್ರಾ ಅಕ್ಕಾ, ಆ ಹೋಟೆಲಿನ ಕೆಲಸ ನಿಮಗೇ ಸಿಕ್ಕಿತ್ತು. ನಾನು ನಿಮಗೆ ಹೇಳಲಿಲ್ಲ — ಮರೆತದ್ದಲ್ಲ, ಬೇಕೆಂದೇ ಮುಚ್ಚಿಟ್ಟೆ.

ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ದೊಡ್ಡವರಿಗೆ ನಾನು ಇಂಗ್ಲಿಷ್ ಮಾತು ಕಲಿಸುತ್ತಿದ್ದ ದಿನಗಳವು. ಬೀಡಿ ಕಟ್ಟುವುದನ್ನು ಬಿಟ್ಟು ಬೇರೆ ಕೆಲಸ ಹಿಡಿಯಬೇಕೆಂದು ನೀವು ಬಂದಿರಿ. ತಂಬಾಕಿನ ಧೂಳಿಗೆ ಕೆಮ್ಮು ಹತ್ತಿತ್ತು. ಪಾಠದ ನಡುವೆಯೇ ಬಾಯಿಗೆ ಸೆರಗೊತ್ತಿಕೊಂಡು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದಿರಿ. ಗುರುತಿಲ್ಲದವರೊಂದಿಗೆ ಮಾತು ಶುರುಮಾಡುವುದು ಹೇಗೆ — ಅದು ನಾನು ಬಹಳ ಹೆಮ್ಮೆಯಿಂದ ಮಾಡುತ್ತಿದ್ದ ಪಾಠ. ನಗಬೇಕು, ಹೆಸರು ಹೇಳಬೇಕು, ಬಿಸಿಲು ಮಳೆಯ ಮಾತೆತ್ತಬೇಕು. ಊರು, ಮನೆತನ, ಊಟ ಮಾತ್ರ ಕೇಳಲೇಬಾರದು. ಪುಸ್ತಕದಲ್ಲಿ ಹಾಗಿತ್ತು, ನಾನೂ ಗಿಳಿಪಾಠ ಒಪ್ಪಿಸುತ್ತಿದ್ದೆ.

“ಸರ, ಬಂದವ್ರಿಗೆ ಊಟ ಆತೇನ್ರಿ ಅನ್ನೂದು ಬಿಟ್ಟು ಬಿಸಲ ಭಾಳ ಐತಿ ಅಂತ ಹೆಂಗ ಅನ್ನೂದ್ರಿ? ಬಿಸಲ ಅವ್ರಿಗೂ ಕಾಣ್ತೈತಲ್ರಿ!” ಅಂದಿರಿ ಒಮ್ಮೆ. ತರಗತಿಯೆಲ್ಲ ನಕ್ಕಿತು. ನನಗೆ ಮೈ ಉರಿಯಿತು.

ಆಮೇಲೆ ಕೊಗನೊಳ್ಳಿಯ ಹತ್ತಿರ ಹೆದ್ದಾರಿಗೆ ಹೊಸ ಹೋಟೆಲಾಯಿತು. ಬಂದವರನ್ನು ಮಾತನಾಡಿಸಿ ಕೂರಿಸುವ ಕೆಲಸಕ್ಕೆ ಒಬ್ಬರನ್ನು ಆರಿಸಲು ಅದರ ಮ್ಯಾನೇಜರು ಬೆಳಗಾವಿಯಿಂದ ನಮ್ಮ ತರಗತಿಗೇ ಬಂದರು. ಉಳಿದವರೆಲ್ಲ ಎದ್ದು ನಿಂತು ಇಂಗ್ಲಿಷಿನಲ್ಲಿ ಬಿಸಿಲಿನ ಮಾತಾಡಿದರು. ನಿಮ್ಮ ಸರದಿ ಬಂತು. ನೀವು ಅವರ ಮುಖ ನೋಡಿ, ಕುರ್ಚಿ ಎಳೆದುಕೊಟ್ಟು, “ಹ್ಯಾವ್ ಯು ಈಟನ್, ಸರ್?” ಅಂದಿರಿ.

ಅವರು ಬಾಯಿ ತೆರೆಯುವ ಮೊದಲೇ ನಾನು ನಕ್ಕೆ. ನಕ್ಕದ್ದು ಸಾಲದೆಂಬಂತೆ, “ಬೀಡಿ ಕಟ್ಟೋರ್ರಿ ಇವ್ರು, ಎಷ್ಟ ಹೇಳಿದ್ರೂ ತಲ್ಯಾಗ ಹೋಗೂದಿಲ್ಲ,” ಅಂದುಬಿಟ್ಟೆ. ನಿಮ್ಮೆದುರಿಗೇ. ಮರುದಿನದಿಂದ ನೀವು ಬರಲಿಲ್ಲ.

ಆ ವಾರವೇ ಮ್ಯಾನೇಜರು ಫೋನ್ ಮಾಡಿದರು. “ಊಟ ಆತೇನು ಅಂತ ಕೇಳಿದ್ರಲ್ರೀ, ಆ ಅಕ್ಕಾರ್ನ ಕಳಸ್ರಿ. ಖರೇ ಹೇಳ್ಬೇಕಂದ್ರ ಅವತ್ತ ನಾ ಉಂಡಿರಲಿಲ್ಲ.”

“ಅವ್ರಿಗೆ ಕೆಲಸ ಬ್ಯಾಡಂತ್ರಿ,” ಅಂದೆ ನಾನು.

ಯಾಕೆ ಅಂದೆ? ಹೊಟ್ಟೆಕಿಚ್ಚೇ? ನನ್ನ ಪಾಠ ಸುಳ್ಳಾಯಿತೆಂಬ ಸಿಟ್ಟೇ? ಎಷ್ಟು ಕೆದಕಿದರೂ ಸಿಕ್ಕುವುದು ಸಣ್ಣತನವೇ, ಅದಕ್ಕೊಂದು ದೊಡ್ಡ ಕಾರಣವೂ ಇಲ್ಲ. ಅದೇ ನನಗೆ ತಡೆಯಲಾಗದ್ದು. ಇವತ್ತಿಗೂ ಅದೇ ಪಾಠ ಮಾಡುತ್ತೇನೆ. ಊಟದ ಮಾತು ಬಂದಾಗ ಸುಮ್ಮಸುಮ್ಮನೆ ಯಾರ ಮೇಲೋ ರೇಗುತ್ತೇನೆ. ರೇಗಬೇಕಾದದ್ದು ಯಾರ ಮೇಲೆಂದು ಗೊತ್ತಿದ್ದೂ.

ಕಳೆದ ವಾರ ಎಲ್ಲವನ್ನೂ ಹೇಳಿಬಿಡಬೇಕೆಂದೇ ನಿಮ್ಮ ಮನೆಗೆ ಬಂದೆ. ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನೀವು ಬಾಗಿಲಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು, ಇನ್ನೂ ಬೀಡಿ ಕಟ್ಟುತ್ತಿದ್ದಿರಿ. ನನ್ನನ್ನು ನೋಡಿ, ಕೆಮ್ಮುತ್ತಲೇ ಎದ್ದಿರಿ.

“ಬರ್ರಿ ಸರ, ಊಟ ಆತೇನ್ರಿ?”

ಊರಿಗೆಲ್ಲ ಮಾತು ಶುರುಮಾಡುವುದನ್ನು ಕಲಿಸುವವನು ನಾನು. ಜೋಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟು ಬಾಯಿಂದ ಬಂದದ್ದು —

“ಬಿಸಲ ಭಾಳ ಐತ್ರಿ, ಅಕ್ಕಾರ.”

ನೀವು ಹೌದ್ರಿ ಅಂದು, ನೀರು ತರಲು ಒಳಗೆ ಹೋದಿರಿ.