ಯಲ್ಲಕ್ಕ ಮತ್ತು ಮೈ ಹೊರಬಿದ್ದ ಕೋಳಿ

ಮಸಗುಪ್ಪಿಯ ಯಲ್ಲಕ್ಕ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವಳ ಹಾಲಿಗೆ ಬೆರಳು ಅದ್ದಿ ನೋಡುವಳು, ಅಂಗಡಿಯವನ ತಕ್ಕಡಿಯ ತಳ ಮುಟ್ಟಿ ನೋಡುವಳು. ಯಾರಾದರೂ ನಗುತ್ತ ಮಾತಾಡಿಸಿದರೆ ಇವರಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಮನೆ ಸೇರುವ ತನಕ ಲೆಕ್ಕ ಹಾಕುವಳು.

ಹುಟ್ಟಿನಿಂದ ಹೀಗಿದ್ದವಳಲ್ಲ. ಗಂಡ ಮಾಲಿಂಗಪ್ಪ ಗೋಕಾಕಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಮನೆ ಹೂಡಿದ. ಸಂಗತಿ ಓಣಿಗೆಲ್ಲ ಗೊತ್ತಿತ್ತು. ಆದರೂ ಇಂದು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಎಲ್ಲರೂ ಅವಳಿಗೆ ಸಮಾಧಾನ ಹೇಳುತ್ತಲೇ ಇದ್ದರು. ಅವಳಿಗೆ ತಿಳಿಯುವ ಹೊತ್ತಿಗೆ ಅಲ್ಲೊಂದು ಕೂಸು ಆಡುತ್ತಿತ್ತು. ಯಲ್ಲಕ್ಕನಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಾಜೂ ಮನೆಯ ಸತ್ತೆವ್ವನ ಮೇಲೆ. ಅವಳ ಗಂಡ ಶೆಟ್ಟೆಪ್ಪ ಉಣ್ಣೆ ಮಾರಲು ಗೋಕಾಕಕ್ಕೆ ಹೋದಾಗಲೇ ಆ ಹೊಸ ಸಂಸಾರವನ್ನು ಕಣ್ಣಾರೆ ಕಂಡು ಬಂದಿದ್ದ, ಆದರೂ ಸತ್ತೆವ್ವ ಬಾಯಿ ಬಿಟ್ಟಿರಲಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಒಂದು ಮುಂಜಾನೆ ಯಲ್ಲಕ್ಕ ಹಿತ್ತಲಿಗೆ ಬಂದರೆ ತತ್ತಿ ಇಡುವ ಚುಕ್ಕೆಯ ಕೋಳಿ ಮುಕ್ಕರಿಯುತ್ತ ಕೂತಿತ್ತು. ಬಾಲದ ಕೆಳಗೆ ಲಿಂಬೆಹಣ್ಣಿನಷ್ಟು ಕೆಂಪು ಮಾಂಸ ಜೋತಿತ್ತು. ಉಳಿದ ಕೋಳಿಗಳು ಅದನ್ನೇ ಕುಕ್ಕುತ್ತಿದ್ದವು. ಯಾರೋ ತತ್ತಿಗಾಗಿ ಕೋಳಿಯನ್ನು ಹಿಂಡಿದ್ದಾರೆ ಎಂದುಕೊಂಡಳು. ಯಾರೋ ಏಕೆ, ಗೋಡೆಯಾಚೆಗಿನವಳೇ.

ಅಷ್ಟರಲ್ಲಿ ಆ ಗೋಡೆಯಾಚೆಯಿಂದಲೇ ಸತ್ತೆವ್ವ ಇಣುಕಿದಳು.

"ತತ್ತಿ ಇಡೂ ಮುಂದ ಮೈ ಹೊರಗ ಬಂದೈತಿ, ಯಕ್ಕಾ. ಕುರಿಗೂ ಹಿಂಗ ಆಕೈತಿ. ಹಿಡಕೋ, ಒಳಗ ಸರಸೂನು."

ಕೇಳುವ ಮೊದಲೇ ಇವಳಿಗೆ ಹೇಗೆ ಗೊತ್ತಾಯಿತು ಎಂದು ಯಲ್ಲಕ್ಕನಿಗೆ ಚುರುಕ್ಕೆಂದಿತು. ಆದರೆ ರಕ್ತ ಒಸರುತ್ತಿತ್ತು. ಕೋಳಿಯನ್ನು ತೊಡೆಯ ಮೇಲೆ ಅವುಚಿ ಕೂತಳು.

ಸತ್ತೆವ್ವ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಿಂದ ತೊಳೆದಳು. ಬಾವು ಇಳಿಯಲು ಸಕ್ಕರೆ ಬೇಕೆಂದಾಗ ಯಲ್ಲಕ್ಕ ಚಿಟಿಕೆಯಷ್ಟೇ ತಂದು, ಅದು ಅವಳ ಸೆರಗಿನ ಗಂಟು ಸೇರುತ್ತದೋ ಎಂದು ನೋಡುತ್ತ ಕೂತಳು. ಸತ್ತೆವ್ವ ಸಕ್ಕರೆಯನ್ನೆಲ್ಲ ಮಾಂಸಕ್ಕೇ ಸವರಿದಳು. ಬಾವು ಇಳಿದ ಮೇಲೆ ಸತ್ತೆವ್ವ ಬೆರಳಿಗೆ ಕುಸುಬಿ ಎಣ್ಣೆ ಹಚ್ಚಿಕೊಂಡು, ಕೋಳಿ ಉಸಿರು ಬಿಟ್ಟಾಗೆಲ್ಲ ತುಸುತುಸುವೇ ಒಳಗೆ ತಳ್ಳಿದಳು. ಆಮೇಲೆ ಬುಟ್ಟಿಯ ಅಡಿ ಇಟ್ಟು ಕಂಬಳಿ ಹೊದಿಸಿದಳು. ಜೋಳ ಹಾಕಬೇಡ, ನೀರು ಮತ್ತು ತುಸು ಸೊಪ್ಪು ಸಾಕು. ಕಾಳು ತಿಂದರೆ ತತ್ತಿ ಕಟ್ಟುತ್ತದೆ, ಈಗ ತತ್ತಿ ಇಟ್ಟರೆ ಎಲ್ಲ ಮತ್ತೆ ಹೊರಗೆ ಬರುತ್ತದೆ ಎಂದು ಹೇಳಿ ಹೋದಳು.

ಯಲ್ಲಕ್ಕನ ತಲೆಯಲ್ಲಿ ಆ ಮಾತೇ ಕೊರೆಯತೊಡಗಿತು. ಬೇನೆಯ ಜೀವವನ್ನು ಯಾರಾದರೂ ಉಪವಾಸ ಕೆಡವುತ್ತಾರೆಯೇ? ಕೋಳಿ ಸೊರಗಿ ಸಾಯಲಿ ಎಂದೇ ಇವಳ ಹಂಚಿಕೆ. ಸತ್ತೆವ್ವ ಹೊಲಕ್ಕೆ ಹೋಗುವುದನ್ನು ಕಾಯ್ದು ಬುಟ್ಟಿ ಎತ್ತಿ, ದಿನಾ ಬೊಗಸೆ ಜೋಳ ಸುರಿದಳು.

ವಾರದೊಳಗೆ ಕೋಳಿ ರಕ್ತ ಮೆತ್ತಿದ ತತ್ತಿ ಇಟ್ಟಿತು. ಮಾಂಸ ಮೊದಲಿಗಿಂತ ದೊಡ್ಡದಾಗಿ ಹೊರಬಿತ್ತು.

ಯಲ್ಲಕ್ಕ ತಾನೇ ಹೋಗಿ ಕರೆದಳು. ಸತ್ತೆವ್ವ ಬಂದವಳೇ ಕೋಳಿಯ ಕೊರಳ ಕೆಳಗಿನ ಚೀಲ ಒತ್ತಿ ನೋಡಿದಳು. ಅದು ಕಾಳಿನಿಂದ ಬಿಗಿದಿತ್ತು. ಜೋಳ ಹಾಕಿದೆಯಾ ಎಂದು ಕೇಳಿದಳು. ಇಲ್ಲ ಎಂದಳು ಯಲ್ಲಕ್ಕ. ಸತ್ತೆವ್ವ ಒಮ್ಮೆ ಅವಳ ಮುಖ ನೋಡಿದಳು. ನೀರು ಬಿಸಿ ಮಾಡು ಎಂದಳು, ಅಷ್ಟೇ.

ಆ ಮೌನವನ್ನು ಯಲ್ಲಕ್ಕನಿಗೆ ತಾಳಲಾಗಲಿಲ್ಲ. ತೊಳೆಯುವುದು ಮುಗಿಯುವ ಮೊದಲೇ ಬಾಯಿ ಬಿಟ್ಟಳು.

"ಈಗ ನನ್ನ ಸುಳ್ಳು ಗೊತ್ತಾದ್ರೂ ಸುಮ್ನ ಅದಿ. ಆವತ್ತ ನನ್ನ ಗಂಡನ ಸುಳ್ಳು ಗೊತ್ತಿದ್ರೂ ಸುಮ್ನ ಇದ್ದಿ. ಯಾಕ?"

ಸತ್ತೆವ್ವ ನೀರು ಬದಿಗಿಟ್ಟಳು.

"ಹೇಳಿದ್ರ ನೀ ಬಾವಿಗಿ ಬೀಳ್ತಿ ಅಂತ ಅಂಜಿದ್ನಿ, ಯಕ್ಕಾ. ಹೇಳಬೇಕಿತ್ತು, ಖರೆ. ಈಗ ಕೋಳಿ ಗಟ್ಟಿ ಹಿಡಿ."

ಯಲ್ಲಕ್ಕ ಹಿಡಿದಳು. ಆ ಸಲ ಸತ್ತೆವ್ವನ ಕೈಯ ಮೇಲೆ ಕಾವಲು ಕಾಯಲಿಲ್ಲ. ಕೋಳಿಯ ಕಣ್ಣನ್ನೇ ನೋಡುತ್ತ ಕೂತಳು. ಬುಟ್ಟಿಯ ಅಡಿಗೆ ಒಂದು ಕಾಳೂ ಹೋಗಲಿಲ್ಲ.

ಕೋಳಿ ಬಡಕಲಾಯಿತು, ಆದರೆ ಉಳಿಯಿತು. ಮುಂದಿನ ಹಬ್ಬದ ಹೊತ್ತಿಗೆ ಹಿತ್ತಲಲ್ಲಿ ಕೆದರಾಡತೊಡಗಿತು. ಸತ್ತೆವ್ವ ಹೇಳಿದ್ದು ಖರೆಯೋ ನೆಪವೋ ಎಂಬುದು ಯಲ್ಲಕ್ಕನಿಗೆ ಕೊನೆಗೂ ಪೂರ್ತಿ ಬಗೆಹರಿಯಲಿಲ್ಲ. ಆದರೆ ಅನುಮಾನ ಎದ್ದಾಗ ಒಳಗೇ ಕುದಿಯುವುದನ್ನು ಬಿಟ್ಟು, ಗೋಡೆಯ ಹತ್ತಿರ ಹೋಗಿ ನೇರ ಕೇಳುವ ರೂಢಿ ಮಾಡಿಕೊಂಡಳು. ಸತ್ತೆವ್ವ ಕೆಲವಕ್ಕೆ ಉತ್ತರ ಕೊಡುವಳು, ಕೆಲವಕ್ಕೆ ಬೈಯುವಳು.