ಬೆಂಚಿನ ಮೇಲೆ ಅರ್ಧ ಗಂಟೆ

ಬೆಳಗಿನ ಆರು ಗಂಟೆ. ಬೀದಿದೀಪಗಳು ಇನ್ನೂ ಆರಿಲ್ಲ. ಮಕ್ಕಳ ಕ್ಲಿನಿಕ್ಕಿನ ಹಿಂಬಾಗಿಲು ತೆಗೆದು ಒಳಗೆ ಬರುವ, ಮಕ್ಕಳ ತೂಕ ನೋಡುವ ತೂಕದಕ್ಕ ಮೊದಲು ಮಾಡುವ ಕೆಲಸ ಹೀಟರ್ ಹಾಕುವುದು. ಇನ್ನೊಂದು ಗಂಟೆಯಲ್ಲಿ ಈ ಕೋಣೆಯಲ್ಲಿ ಮಕ್ಕಳು ಒಂದರ ಹಿಂದೊಂದರಂತೆ ಬಟ್ಟೆ ಬಿಚ್ಚಿಸಿಕೊಳ್ಳಬೇಕು, ಚಳಿಯಾದರೆ ಕಿರುಚಾಟ ದುಪ್ಪಟ್ಟಾಗುತ್ತದೆ. ಆಮೇಲೆ ತಕ್ಕಡಿಯ ತಟ್ಟೆ ಒರೆಸುತ್ತಾರೆ. ಬೀರುವಿನಿಂದ ಎರಡು ಕೆಜಿಯ ಕಬ್ಬಿಣದ ಬಟ್ಟು ತೆಗೆದು ತಟ್ಟೆಯ ಮೇಲಿಡುತ್ತಾರೆ. ಸರಿಯಾಗಿ ಎರಡು ಕೆಜಿ. ತೆಗೆದು ಮತ್ತೆ ಇಡುತ್ತಾರೆ. ಹೀಗೆ ಮೂರು ಸಲ.

"ಮೂರು ಸಲ ಯಾಕಕ್ಕ?" ಎಂದು ಕೇಳಿದರೆ, ನನ್ನ ಮುಖವನ್ನೂ ನೋಡದೆ ಹೇಳುತ್ತಾರೆ: "ಒಂಬತ್ತು ಗಂಟೆ ಹೊತ್ತಿಗೆ ಯಾರಾದ್ರೂ ಒಬ್ರು ನಿಮ್ಮ ತಕ್ಕಡಿ ಸರಿ ಇಲ್ಲ ಅಂತಾರೆ. ಅವರ ಹತ್ರ ಜಗಳ ಆಡೋಕೆ ನಂಗೆ ಧೈರ್ಯ ಬೇಕಲ್ಲ ಸಾರ್."

ಹಾಗೆ ಅನ್ನುವವರಲ್ಲಿ ನಾನೂ ಒಬ್ಬ. ನನ್ನ ಏಳು ತಿಂಗಳ ಮಗಳನ್ನು ಎತ್ತಿಕೊಂಡು ವಾರಕ್ಕೊಮ್ಮೆ ಇಲ್ಲಿಗೆ ಬರುತ್ತೇನೆ. ತೂಕದಕ್ಕನ ಬಗ್ಗೆ ನಮ್ಮ ಪತ್ರಿಕೆಗೆ ಬರೆಯಬೇಕು ಅನ್ನಿಸುವ ಮೊದಲು ಇವರ ಮೇಲೆ ದೂರು ಬರೆದವನು ನಾನು. ಕ್ಲಿನಿಕ್ಕಿನ ದೂರುಪುಸ್ತಕದಲ್ಲಿ ಇವರ ಬಗ್ಗೆಯೇ ಹತ್ತೊಂಬತ್ತು ದೂರುಗಳಿವೆ. ಹದಿನೇಳರಲ್ಲಿ ಒಂದೇ ಮಾತು: ಸುಮ್ಮಸುಮ್ಮನೆ ಕಾಯಿಸುತ್ತಾರೆ.

ಕಾಯಿಸುವುದು ನಿಜ. ಇಲ್ಲಿ ಮಂಗಳವಾರ ಮತ್ತು ಶುಕ್ರವಾರ ಒಂದು ವರ್ಷದೊಳಗಿನ ಮಕ್ಕಳ ತೂಕ ನೋಡುತ್ತಾರೆ. ಮಗುವನ್ನು ಕರೆತಂದ ತಕ್ಷಣ ತಕ್ಕಡಿಗೆ ಹಾಕುವ ಮಾತೇ ಇಲ್ಲ. ಉದ್ದನೆಯ ಬೆಂಚಿನ ಮೇಲೆ ಅರ್ಧ ಗಂಟೆ ಕೂರಲೇಬೇಕು. ಕೂತಿರುವಾಗ ಹಾಲು ಕುಡಿಸಿದರೆ ಮತ್ತೆ ಮೊದಲಿಂದ ಅರ್ಧ ಗಂಟೆ. ಆಫೀಸಿಗೆ ಹೊತ್ತಾಗುತ್ತದೆ ಎಂದರೂ ಇಲ್ಲ, ಮಗು ಅತ್ತು ಕೆಂಪಾಗಿದೆ ಎಂದರೂ ಇಲ್ಲ.

ಕಾರಣ ನಮ್ಮಂಥವರೇ. ಹೋದ ತಿಂಗಳು ನನ್ನ ಮಗಳ ತೂಕ ಏರಿರಲಿಲ್ಲ. ಮುಂದಿನ ವಾರ ಕ್ಲಿನಿಕ್ಕಿನ ಗೇಟಿನ ಹೊರಗೇ ನಿಂತು ಒಂದು ಬಾಟಲಿ ಹಾಲು ಪೂರ್ತಿ ಕುಡಿಸಿ ಒಳಗೆ ಬಂದೆ. ಹೊಟ್ಟೆಯಲ್ಲಿರುವ ಹಾಲೂ ತೂಗುತ್ತದಲ್ಲ, ನೂರೈವತ್ತು ಗ್ರಾಂ ಎಲ್ಲಿಗೂ ಹೋಗುವುದಿಲ್ಲ. ತೂಕದಕ್ಕ ಮಗಳ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ತಟ್ಟಿ ನೋಡಿ, "ಯಾರನ್ನ ಏಮಾರಿಸ್ತಿದ್ದೀರಾ ಸಾರ್? ನನ್ನನ್ನೋ, ನಿಮ್ಮ ಹೆಂಡ್ತೀನೋ?" ಅಂದರು. ಹೆಂಡತಿಯನ್ನೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅವಮಾನವಾಯಿತು, ದೂರು ಬರೆದೆ.

"ನೀವೊಬ್ರೇ ಅಲ್ಲ ಬಿಡಿ," ಎಂದು ಈಗ ನನ್ನನ್ನು ಸಮಾಧಾನ ಮಾಡುತ್ತಾರೆ. "ಒಬ್ರು ಒದ್ದೆ ಡೈಪರ್ ಬಿಚ್ಚಲ್ಲ ಅಂತಾರೆ. ಒಬ್ಬಳು ಕಾಲುಚೀಲ ತೆಗೀಬೇಡಿ, ನೆಗಡಿ ಆಗುತ್ತೆ ಅಂದ್ಲು. ಕಾಲುಚೀಲ ಮೂರು ಜೊತೆ ಇತ್ತು, ಒಂದರ ಮೇಲೊಂದು. ಪರೀಕ್ಷೆ ಮಕ್ಕಳಿಗಲ್ಲ, ನಮಗೇ ಅಂದ್ಕೊಂಡಿರ್ತಾರೆ."

ದಿನಕ್ಕೆ ನಲವತ್ತು ಮಕ್ಕಳು. ಒಂದೊಂದನ್ನೂ ಎರಡು ಸಲ ಎತ್ತಬೇಕು, ಮಡಿಲಿಂದ ತಟ್ಟೆಗೆ, ತಟ್ಟೆಯಿಂದ ಮಡಿಲಿಗೆ. ಇಪ್ಪತ್ತಾರು ವರ್ಷದಿಂದ ಎತ್ತಿ ಎತ್ತಿ ಬಲ ಮಣಿಕಟ್ಟು ಹೋಗಿದೆ, ಪಟ್ಟಿ ಸುತ್ತಿಕೊಂಡೇ ಕೆಲಸ. ಏಪ್ರನ್ ದಿನಕ್ಕೆ ನಾಲ್ಕು ಬದಲಾಗುತ್ತದೆ. ಬೆಚ್ಚಗಿನ ಮಡಿಲಿಂದ ತಣ್ಣನೆ ತಟ್ಟೆಗೆ ಬಂದ ಮಕ್ಕಳು ಏನು ಮಾಡುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಇಷ್ಟಾದರೂ ಇವರಿಗೆ ನರ್ಸಿನ ಹುದ್ದೆಯಿಲ್ಲ. ಸೇರಿದ್ದು ನೆಲ ಒರೆಸುವ ಕೆಲಸಕ್ಕೆ. ಒಂದು ದಿನ ತೂಕ ನೋಡುವವರು ಬರಲಿಲ್ಲ, ಇವರನ್ನು ನಿಲ್ಲಿಸಿದರು. ಅವರು ಆಮೇಲೂ ಬರಲಿಲ್ಲ.

ಅರ್ಧ ಗಂಟೆ ಕೂರಿಸಿದರೆ ಅಪ್ಪ ಅಮ್ಮಂದಿರು ಏನು ಮಾಡುತ್ತಾರೆ? ಗೊಣಗುತ್ತಾರೆ. ಈ ಬೆಂಚಿನ ಮೇಲೆ ಕೇಳಿಸುವಷ್ಟು ಗೊಣಗಾಟ ನಾನು ಬಸ್ ನಿಲ್ದಾಣದಲ್ಲೂ ಕೇಳಿಲ್ಲ. ಅವಳಿ ಮಕ್ಕಳ ತಾಯಿ ಇದರಲ್ಲಿ ಎಲ್ಲರಿಗಿಂತ ಮುಂದೆ. "ಒಂದು ಮಲಗಿದ್ರೆ ಇನ್ನೊಂದು ಏಳುತ್ತೆ. ಇಬ್ರೂ ಸೇರಿ ಪಾಳಿ ಹಾಕ್ಕೊಂಡಿದಾರೆ ಅನ್ಸುತ್ತೆ," ಎನ್ನುತ್ತಾಳೆ. ಹಲ್ಲು ಬರುತ್ತಿರುವ ಮಗು ರಿಮೋಟಿನ ಗುಂಡಿಗಳನ್ನು ಕಿತ್ತು ತಿಂದದ್ದು, ಮೊದಲ ಸಲ 'ಅಪ್ಪ' ಎಂದದ್ದು ಫ್ಯಾನನ್ನು ನೋಡಿಕೊಂಡು, ಹೆಂಡತಿ ಗಂಡ ಎರಡು ತಿಂಗಳಿಂದ ಒಂದೇ ಹೊತ್ತಿಗೆ ಕೂತು ಊಟ ಮಾಡದೇ ಇರುವುದು. ಮಧ್ಯದಲ್ಲಿ ಯಾರದೋ ಮಗು ಕವುಚಿಕೊಂಡಿತು, ನಿನ್ನೆ ತಾನೇ, ಎಂಬ ಸುದ್ದಿ ಬಂದರೆ ಎಲ್ಲರೂ ಒಂದು ಕ್ಷಣ ಬೆಳಗುತ್ತಾರೆ. ಮತ್ತೆ ಗೊಣಗಾಟ ಶುರು.

ತೂಕದಕ್ಕ ತಲೆಯೆತ್ತುವುದಿಲ್ಲ. ಕಣ್ಣು ತಕ್ಕಡಿಯ ಮೇಲೆ, ಕಿವಿ ಬೆಂಚಿನ ಮೇಲೆ.

ಮೂರು ವಾರದ ಹಿಂದಿನ ಮಂಗಳವಾರದ ಮಾತು. ಬೆಂಚಿನ ಕೊನೆಯಲ್ಲಿ ಗಂಡ ಹೆಂಡತಿ ಕೂತಿದ್ದಾರೆ. ಗಂಡ ಬೀಗ ರಿಪೇರಿ ಮಾಡುವವನು, ಹೆಂಡತಿ ಹೊಲಿಗೆಯವಳು. ಐದು ತಿಂಗಳ ಗಂಡುಮಗು ಅವಳ ತೊಡೆಯ ಮೇಲಿದೆ. ಆರು ವಾರದಿಂದ ಅದರ ತೂಕ ಐದು ಕೆಜಿ ಒಂಬೈನೂರರ ಆಚೆಗೂ ಇಲ್ಲ, ಈಚೆಗೂ ಇಲ್ಲ. ಮಗುವಿಗೆ ಡಬ್ಬದ ಹಾಲು. ಎಷ್ಟು ಸಲ, ಎಷ್ಟು ನೀರು, ಎಷ್ಟು ಚಮಚ ಎಂದು ಡಾಕ್ಟರಮ್ಮ ಪ್ರತಿ ಸಲ ಕೇಳಿದ್ದಾರೆ. ಇವರು ಡಬ್ಬದ ಮೇಲೆ ಬರೆದಿದ್ದಂತೆಯೇ ತಪ್ಪಿಲ್ಲದೆ ಒಪ್ಪಿಸಿದ್ದಾರೆ. ರಕ್ತವೆಲ್ಲ ಪರೀಕ್ಷೆಯಾಗಿದೆ, ಏನೂ ಸಿಕ್ಕಿಲ್ಲ. ಇವತ್ತು ಹನ್ನೊಂದು ಗಂಟೆಗೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ಗಂಟಲಲ್ಲಿ ಕೊಳವೆ ಇಳಿಸಿ ನೋಡುತ್ತಾರಂತೆ. ಚೀಟಿ ಅಪ್ಪನ ಜೇಬಿನಲ್ಲಿದೆ. ಕೊನೆಯದಾಗಿ ಒಂದು ತೂಕ ಬರೆಸಿಕೊಂಡು ಹೋಗಲು ಬಂದಿದ್ದಾರೆ.

ಹೆಂಡತಿ ಆರು ವಾರದಲ್ಲಿ ಈ ಬೆಂಚಿನ ಮೇಲೆ ಒಂದು ಮಾತಾಡಿದ್ದನ್ನೂ ನಾನು ಕೇಳಿಲ್ಲ. ಮೂರನೇ ತಿಂಗಳಲ್ಲಿ ಅವಳಿಗೆ ಎದೆಹಾಲು ನಿಂತಿತ್ತು. ನಿನ್ನಿಂದಲೇ ಮಗು ಹೀಗಾಯಿತು ಎಂದು ಅತ್ತೆ ದಿನಾ ಫೋನಿನಲ್ಲಿ ಹೇಳುತ್ತಿದ್ದರಂತೆ. ಅವಳೂ ಅದನ್ನು ನಂಬಿಬಿಟ್ಟಿದ್ದಳು.

ಗಂಡ ಮಾತುಗಾರ. ಭಯವಾದರೆ ಇನ್ನೂ ಹೆಚ್ಚು ಮಾತಾಡುವ ಜಾತಿಯವನು. ಅವಳಿ ಮಕ್ಕಳ ತಾಯಿ ಎಂದಿನಂತೆ ಶುರು ಮಾಡಿದ್ದಾಳೆ: "ದೊಡ್ಡ ಡಬ್ಬ ತಂದ್ರೆ ನಾಲ್ಕು ದಿನಕ್ಕೆ ತಳ ಕಾಣುತ್ತೆ. ಅಂಗಡಿಯವನು ನನ್ನ ನೋಡಿದ್ರೆ ಸಾಕು, ಕೇಳೋ ಮೊದಲೇ ಇಳಿಸ್ತಾನೆ."

"ನಮ್ಮನೇಲಿ ಎಂಟು ದಿನ," ಎನ್ನುತ್ತೇನೆ ನಾನು.

"ನಮಗೆ ಎರಡು ವಾರ ಬರುತ್ತೆ," ಎನ್ನುತ್ತಾನೆ ಬೀಗದವನು. ಮಾತಿನಲ್ಲಿ ಸ್ವಲ್ಪ ಹೆಮ್ಮೆ ಕೂಡ ಇದೆ. "ನಾನೇ ಕಲಸೋದು. ಒಂದು ಚೂರು ಪುಡಿ ಆಚೆ ಚೆಲ್ಲಲ್ಲ."

ಅವಳಿಗಳಲ್ಲಿ ಒಂದು ತಟ್ಟೆಯ ಮೇಲಿದೆ. ತೂಕದಕ್ಕ ಅದನ್ನೆತ್ತಿ ತಾಯಿಯ ಕೈಗೆ ಕೊಡುತ್ತಾರೆ, ತೂಕ ಬರೆಯುವುದಿಲ್ಲ. ನೇರ ಬೆಂಚಿನ ಕೊನೆಗೆ ಬಂದು ನಿಲ್ಲುತ್ತಾರೆ.

"ಏನಪ್ಪ ಅಂದೆ? ಎರಡು ವಾರನಾ?"

"ಹೂಂ ಅಕ್ಕ. ಯಾಕೆ?"

ತೂಕದಕ್ಕ ಮಗುವಿನ ಕೈ ನೋಡುತ್ತಾರೆ. ಮಗು ಬಿಳಿ ಪ್ಲಾಸ್ಟಿಕ್ ಚಮಚವೊಂದನ್ನು ಬಾಯಿಗಿಟ್ಟು ಚೀಪುತ್ತಿದೆ. ನಾಲ್ಕು ವಾರದಿಂದ ಅದೇ ಅದರ ಆಟಿಕೆ, ನಾವೆಲ್ಲ ನೋಡಿದ್ದೇವೆ.

"ಇದೆಲ್ಲಿತ್ತು?"

"ಹೊಸ ಡಬ್ಬದ ತಳದಲ್ಲಿತ್ತು. ಪುಡಿ ಒಳಗೆ ಹೂತ್ಕೊಂಡಿತ್ತು, ಮೊದಲು ಕಾಣಲೇ ಇಲ್ಲ. ನಮ್ಮ ಹತ್ರ ಹಳೇ ಡಬ್ಬದ ಚಮಚ ಇತ್ತಲ್ಲ, ಅದರಲ್ಲೇ ಹಾಕ್ತಿದ್ದೆ. ಇದನ್ನ ಪಾಪುಗೆ ಆಟಕ್ಕೆ ಕೊಟ್ವಿ."

"ಹಳೇ ಚಮಚ ಇದೆಯಾ ಇಲ್ಲಿ?"

ಆಸ್ಪತ್ರೆಗೆಂದು ಕಟ್ಟಿಕೊಂಡ ಚೀಲದಲ್ಲಿ ಅದೂ ಇದೆ. ತೂಕದಕ್ಕ ಎರಡನ್ನೂ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟುಕೊಳ್ಳುತ್ತಾರೆ. ಹಳೆಯದು ಹೊಸದರ ಅರ್ಧಕ್ಕಿದೆ. ಹಳೆಯ ಕಂಪನಿಯ ಹಾಲು ಅಂಗಡಿಯಲ್ಲಿ ಸಿಗದೆ ಆರು ವಾರದ ಹಿಂದೆ ಬೇರೆಯದನ್ನು ತಂದಿದ್ದಾರೆ. ಹಳೆಯದರಲ್ಲಿ ಮೂವತ್ತು ಎಂಎಲ್ ನೀರಿಗೆ ಒಂದು ಚಮಚ, ಹೊಸದರಲ್ಲಿ ಅರವತ್ತಕ್ಕೆ ಒಂದು. ಈ ಅಪ್ಪ ಹೊಸ ಡಬ್ಬದ ಮೇಲಿನ ಬರಹ ಓದಿ, ಹಳೆಯ ಚಮಚದಲ್ಲಿ, ಒಂದು ಚೂರೂ ಚೆಲ್ಲದೆ ಅಳೆದು ಹಾಕಿದ್ದಾನೆ. ಹೊಟ್ಟೆ ತುಂಬ ನೀರು, ಅರ್ಧ ಹಾಲು. ಮಗು ದಿನವಿಡೀ ಅತ್ತದ್ದು ಹಸಿವಿಗೆ.

ತೂಕದಕ್ಕನಿಗೆ ಕೋಪ ಬಂದದ್ದು ಕಾಣುತ್ತದೆ. "ನಿನ್ನನ್ನ ಬೈದು ಏನ್ ಮಾಡ್ಲಪ್ಪ ನಾನು," ಎನ್ನುತ್ತಾರೆ. "ಚಮಚನ ಪುಡಿ ಕೆಳಗೆ ಹೂತಿಡ್ತಾರಲ್ಲ, ಅವರನ್ನ ತಂದು ಈ ಬೆಂಚಿನ ಮೇಲೆ ಕೂರಿಸ್ಬೇಕು. ಎಷ್ಟು ಚಮಚ ಅಂತ ನಾವೆಲ್ಲ ಕೇಳಿದ್ವಿ, ಯಾವ ಚಮಚ ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಏಳು, ಡಾಕ್ಟರ್ ಹತ್ರ ನಡಿ."

ಡಾಕ್ಟರಮ್ಮ ಎರಡೂ ಚಮಚ ನೋಡಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಾರೆ. ಮಗುವನ್ನು ಇನ್ನೊಮ್ಮೆ ಪೂರ್ತಿ ಪರೀಕ್ಷಿಸುತ್ತಾರೆ. ದೊಡ್ಡ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಮಾತಾಡಿ, ಮೂರು ದಿನ ಸರಿಯಾದ ಹಾಲು ಕೊಟ್ಟು ನೋಡೋಣ, ಶುಕ್ರವಾರ ತೂಕ ಏರದಿದ್ದರೆ ಸೇರಿಸಿಬಿಡೋಣ ಎನ್ನುತ್ತಾರೆ. ಗಂಡ ಗೋಡೆಗೆ ಒರಗಿ ಅಳುತ್ತಿದ್ದಾನೆ. ಹೆಂಡತಿ ಅಳುವುದಿಲ್ಲ. ಹೊರಗೆ ಬಂದವಳು ತೂಕದಕ್ಕನಿಗೆ ಮೆಲ್ಲಗೆ ಹೇಳುತ್ತಾಳೆ: "ಆರು ವಾರದಿಂದ ನನ್ನ ನಾನೇ ಬೈಕೊಂಡಿದೀನಿ ಅಕ್ಕ." ಅಷ್ಟೇ.

ಅವತ್ತು ಕೆಲಸ ಮುಗಿದ ಮೇಲೆ ತೂಕದಕ್ಕ ತಮ್ಮ ಮಾತು ಹೇಳುತ್ತಾರೆ. ಇವರ ಮೊದಲ ಮಗನಿಗೂ ಹುಟ್ಟಿದ ವರ್ಷ ಮೈ ಹತ್ತಲಿಲ್ಲವಂತೆ. "ಇದೇ ಕ್ಲಿನಿಕ್ಕು. ನೆಲ ಒರೆಸ್ತಿದ್ದೆ, ದಿನಾ ತಕ್ಕಡಿ ಪಕ್ಕದಲ್ಲೇ ಓಡಾಡ್ತಿದ್ದೆ. ನನ್ನ ಮಗುನ ಮಾತ್ರ ತರ್ಲಿಲ್ಲ. ಜನ ಏನಂತಾರೋ ಅಂತ ಭಯ. ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಕೊನೆಗೆ ಕಿವಿ ಒಳಗೆ ಕೀವು ಅಂತ ಗೊತ್ತಾಯ್ತು, ಹಾಲು ಎಳೆಯೋಕೆ ಆಗ್ತಿರ್ಲಿಲ್ಲ ಅದಕ್ಕೆ. ಹತ್ತು ದಿನದ ಔಷಧಿ. ಈಗ ಬಸ್ ಓಡಿಸ್ತಾನೆ, ತೊಂಬತ್ತು ಕೆಜಿ ಇದಾನೆ. ಅದನ್ನೂ ನಾನೇ ಕಮ್ಮಿ ಮಾಡಿಸ್ಬೇಕೀಗ."

ಶುಕ್ರವಾರ ನನ್ನ ಮಗಳ ಸರದಿಯಲ್ಲ. ಆದರೂ ಹೋಗಿ ಕೂರುತ್ತೇನೆ. ಅವಳಿ ಮಕ್ಕಳ ತಾಯಿಯೂ ಮಕ್ಕಳನ್ನು ಬಿಟ್ಟು ಒಬ್ಬಳೇ ಬಂದಿದ್ದಾಳೆ. ಬೆಂಚಿನ ಮೇಲೆ ಒಬ್ಬರೂ ಗೊಣಗುತ್ತಿಲ್ಲ. ಬೀಗದವನ ಮಗು ಅರ್ಧ ಗಂಟೆ ಕಾಯುತ್ತದೆ, ಒಂದು ನಿಮಿಷವೂ ರಿಯಾಯಿತಿಯಿಲ್ಲ. ತಟ್ಟೆಯ ಮೇಲೆ ಮಲಗಿಸಿದಾಗ ಅದು ಕಾಲು ಝಾಡಿಸುತ್ತದೆ, ಅಂಕಿಗಳು ನಿಲ್ಲುವುದೇ ಇಲ್ಲ. ತೂಕದಕ್ಕ ಅದರ ಎದೆಯ ಮೇಲೆ ಕೈ ಆಡಿಸಿ, ಕೈ ತೆಗೆದು, ಉಸಿರು ಹಿಡಿದು ಕಾಯುತ್ತಾರೆ. ಆರು ಕೆಜಿ ಮೂವತ್ತು ಗ್ರಾಂ. ಮೂರು ದಿನದಲ್ಲಿ ನೂರಮೂವತ್ತು ಏರಿದೆ.

ಯಾರ ಮಗುವಿನ ತೂಕವನ್ನೂ ಇವರು ಜೋರಾಗಿ ಹೇಳುವವರಲ್ಲ, ಹೋಲಿಕೆ ಶುರುವಾಗುತ್ತದೆ ಎಂದು. ಅವತ್ತು ಮಾತ್ರ ಹೇಳಿದರು. ನಾನು ಅತ್ತುಬಿಟ್ಟೆ. ನಾಚಿಕೆ ಏನೂ ಇಲ್ಲ.

ಆಮೇಲಿನ ಎರಡು ಶುಕ್ರವಾರಗಳಲ್ಲೂ ತೂಕ ಏರಿದೆ. ಆಸ್ಪತ್ರೆಯ ಚೀಟಿಯನ್ನು ಡಾಕ್ಟರಮ್ಮ ಹರಿದುಹಾಕಿದ್ದಾರೆ. ಅತ್ತೆಯ ಫೋನು ಬಂದಾಗ ಈಗ ಗಂಡನೇ ಎತ್ತುತ್ತಾನಂತೆ.

ಇವತ್ತು ಮತ್ತೆ ಶುಕ್ರವಾರ. ಹೊಲಿಗೆಯವಳು ಮಗು ಎತ್ತಿಕೊಂಡು ಒಬ್ಬಳೇ ಬಂದಿದ್ದಾಳೆ. ಮಗು ಬೆಂಚನ್ನು ಒದೆಯುತ್ತಿದೆ. ಅವಳು ಗಡಿಯಾರ ನೋಡುತ್ತಾಳೆ, ತಕ್ಕಡಿಯ ಕಡೆ ನೋಡುತ್ತಾಳೆ, ಮತ್ತೆ ಗಡಿಯಾರ. ಒಮ್ಮೆಗೇ ಕಟ್ಟೆ ಒಡೆಯುತ್ತದೆ.

"ಎಷ್ಟು ಹೊತ್ತು ಅಕ್ಕ ಇನ್ನೂ? ಹೊಲಿಯೋ ಬಟ್ಟೆ ರಾಶಿ ಬಿದ್ದಿದೆ ಮನೇಲಿ. ಇವರಪ್ಪ ಈಗ ಒಂದು ಬಾಟಲಿ ಕಲಸೋಕೆ ಹದಿನೈದು ನಿಮಿಷ ತಗೋತಾನೆ, ಚಮಚನ ಬೆಳಕಿಗೆ ಹಿಡಿದು ಹಿಡಿದು ನೋಡ್ತಾನೆ, ಅಷ್ಟರಲ್ಲಿ ಇವನು ಮನೆ ತಲೆ ಮೇಲೆ ಹೊತ್ಕೊಂಡಿರ್ತಾನೆ. ಅಲ್ಲಿ ಅವನು ಕಾಯಿಸ್ತಾನೆ, ಇಲ್ಲಿ ನೀವು. ನಾನೇನು ಮನುಷ್ಯಳಲ್ವಾ?"

"ಇನ್ನೂ ಹನ್ನೆರಡು ನಿಮಿಷ ಇದೆ. ಕೂತ್ಕೋ," ಎನ್ನುತ್ತಾರೆ ತೂಕದಕ್ಕ.

ಅವಳು ಕೂರುತ್ತಾಳೆ, ಗೊಣಗುತ್ತಲೇ. ಪಕ್ಕದ ಅವಳಿ ಮಕ್ಕಳ ತಾಯಿ ಗಂಡಂದಿರ ವಿಷಯ ಸಿಕ್ಕಿದ್ದೇ ತಡ ಅವಳ ಕಡೆ ತಿರುಗಿ ಕೂರುತ್ತಾಳೆ. ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ, ಯಾರು ಯಾರದನ್ನು ಕೇಳಿಸಿಕೊಳ್ಳುತ್ತಿದ್ದಾರೋ ತಿಳಿಯದು. ನಾನು ತಕ್ಕಡಿಯ ಹತ್ತಿರ ಹೋಗಿ, ಇಪ್ಪತ್ತಾರು ವರ್ಷದ ಮೇಲೆ ಇನ್ನು ನಿಮಗೇನು ಆಸೆ ಅಕ್ಕ ಎಂದು ಕೇಳುತ್ತೇನೆ. ಪತ್ರಿಕೆಯವರು ಕೊನೆಗೆ ಕೇಳುವ ಪ್ರಶ್ನೆ ಅದು, ಕೇಳದೆ ಗತಿಯಿಲ್ಲ.

ತೂಕದಕ್ಕ ಬೆಂಚಿನ ಕಡೆಗೆ ಗದ್ದ ತೋರಿಸುತ್ತಾರೆ.

"ಕೇಳಿದ್ರಾ ಹೆಂಗೆ ರೇಗಿದ್ಲು ಅಂತ? ಎರಡು ತಿಂಗಳಿಂದ ಇದಕ್ಕೇ ಕಾಯ್ತಿದ್ದೆ ಸಾರ್. ಮುಂದಿನ ವಾರಾನೂ ಬಂದು ಹಿಂಗೇ ರೇಗ್ಲಿ. ನಂಗೆ ಅಷ್ಟೇ ಸಾಕು."